ಸಕ್ಕರೆ ಗಿಣಿಯ ಕೊಕ್ಕು

"ಕಂಪೈಲರ್ ಹುಟ್ಟಿಸಿದ ಫೈಲುಗಳನ್ನು ಎಲ್ಲಿಡಬೇಕು ಗುರುಗಳೇ?" ಎಂದು ಶಶಿರೇಖ ಕೇಳಿದಳು.

ತಿಪ್ಪೇರುದ್ರಯ್ಯನವರು ಮಂಡಕ್ಕಿ ತಿನ್ನುತ್ತಿದ್ದರು. ಅವರಿಗೆ ಹದಿನಾಲ್ಕು ಭಾಷೆ ಬರುತ್ತಿತ್ತು. ಹನ್ನೆರಡು ಕಂಪ್ಯೂಟರಿಗೆ ತಿಳಿಯುವಂಥವು, ಎರಡು ಮನುಷ್ಯರಿಗೆ. ಎರಡು ಕೋಣೆಯ ಆ ವೆಬ್ ಅಂಗಡಿಯಲ್ಲಿ ಅವರ ಹತ್ತಿರ ಕೆಲಸ ಕಲಿಯುತ್ತಿದ್ದವರು ಶಶಿರೇಖ ಮತ್ತು ಕೊಟ್ರೇಶ, ಇಬ್ಬರೇ. ಯಾರಾದರೂ ಕೇಳಿದರೆ ಗುರುಗಳು, ಇನ್ನೂರು ಜನ ಶಿಷ್ಯರಿದ್ದರು, ನೂರ ತೊಂಬತ್ತೆಂಟು ಮಂದಿ ಜ್ಞಾನದ ಭಾರ ತಾಳಲಾರದೆ ಓಡಿಹೋದರು ಎನ್ನುತ್ತಿದ್ದರು.

ಶಶಿರೇಖಳ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಆಗ ಅವರ ಕೈಯಲ್ಲಿ ಒಂದು ಬಡಾವಣೆಯ ನೀರಿನ ಸಮಿತಿಯ ವೆಬ್‌ಸೈಟಿನ ಕೆಲಸವಿತ್ತು. ಆ ಬಡಾವಣೆಯ ಬೀದಿಗಳಿಗೆ ಎಂಟು ದಿನಕ್ಕೊಮ್ಮೆ ನಲ್ಲಿ ನೀರು ಬರುತ್ತಿತ್ತು. ಯಾವ ಬೀದಿಗೆ ಯಾವ ದಿನ, ಎಷ್ಟು ಗಂಟೆಗೆ ಎಂದು ವೆಬ್‌ಸೈಟು ಹೇಳಬೇಕು. ಮರುದಿನ ಬೆಳಿಗ್ಗೆ ಅದನ್ನು ಜನರಿಗೆ ಬಿಡುವುದೆಂದು ನಿಶ್ಚಯವಾಗಿತ್ತು.

ಶಿಷ್ಯರಿಬ್ಬರೂ ತಮಗೆ ಅನುಕೂಲವಾದ ಭಾಷೆಯಲ್ಲಿ ಮೂಲ ಬರೆಯುತ್ತಿದ್ದರು. ಕಂಪೈಲರ್ ಆ ಮೂಲವನ್ನು ಓದಿ, ಬ್ರೌಸರಿಗೆ ತಿಳಿಯುವ ಭಾಷೆಯಲ್ಲಿ ಇನ್ನೊಂದು ಫೈಲು ಹುಟ್ಟಿಸುತ್ತಿತ್ತು. ಅದಕ್ಕೆ ಗುರುಗಳು ಮರಿ ಎಂದು ಹೆಸರಿಟ್ಟಿದ್ದರು. ಬೇರೆ ಜಾಗ ಯಾರೂ ತೋರಿಸಿರಲಿಲ್ಲವಾಗಿ ಕಂಪೈಲರ್ ಮರಿಯನ್ನು ಮೂಲದ ಪಕ್ಕದಲ್ಲೇ ಇಟ್ಟು ಹೋಗುತ್ತಿತ್ತು. ಎರಡೂ ಒಂದೇ ಫೋಲ್ಡರಿನಲ್ಲಿ, ಒಂದೇ ಹೆಸರಿನಲ್ಲಿ, ಚುಕ್ಕೆಯ ಆಚೆಯ ಬಾಲವೊಂದು ಬೇರೆಯಾಗಿ ಮಲಗಿದ್ದವು.

ಒಂಬತ್ತು ದಿನದ ಹಿಂದೆ ಶಶಿರೇಖಳಿಗೆ ಒಂದು ತಪ್ಪು ಕಂಡಿತ್ತು. ಒಂದು ಬೀದಿಗೆ ಬೆಳಗಿನ ಐದು ಗಂಟೆಯ ನೀರು ಸಂಜೆ ಐದಕ್ಕೆ ಎಂದು ಬಂದಿತ್ತು. ಅವಳು ಕೈಗೆ ಸಿಕ್ಕ ಫೈಲು ತೆರೆದು ತಿದ್ದಿದಳು. ಕೈಗೆ ಸಿಕ್ಕದ್ದು ಮರಿ. ತಿದ್ದಿದ್ದು ಸರಿಯಾಗಿಯೇ ಕಂಡಿತು. ಮರುದಿನ ಇನ್ನೊಂದು ಬೀದಿ, ಅದರ ಮರುದಿನ ಮೂರು. ಹೀಗೆ ಹದಿನೇಳು ಬೀದಿಗಳ ನೀರಿನ ಹೊತ್ತನ್ನು ಅವಳು ಮರಿಯಲ್ಲೇ ತಿದ್ದಿದಳು. ಯಾವ ಬೀದಿಗೆ ಏನು ತಿದ್ದಿದೆ ಎಂದು ಎಲ್ಲಿಯೂ ಬರೆದಿಟ್ಟುಕೊಳ್ಳಲಿಲ್ಲ. ಆಮೇಲೆ ತಲೆಗೆ ಹೊಳೆಯಿತು: ಯಾರಾದರೂ ಒಮ್ಮೆ ಕಂಪೈಲರ್ ಓಡಿಸಿದರೆ ಹಳೆಯ ಮರಿಯ ಮೇಲೆ ಹೊಸ ಮರಿ ಬಂದು ಕೂರುತ್ತದೆ, ಹದಿನೇಳು ಬೀದಿಯವರು ಖಾಲಿ ಕೊಡ ಹಿಡಿದು ತಪ್ಪು ಹೊತ್ತಿಗೆ ನಿಲ್ಲುತ್ತಾರೆ.

ಗುರುಗಳ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತು. ಅಂದಿನಿಂದ ಕೊಟ್ರೇಶ ಕಂಪೈಲರ್ ಓಡಿಸಲು ಕೈ ಎತ್ತಿದಾಗಲೆಲ್ಲ ಅವಳು ಅವನಿಗೆ ಚಹಾ ತರಿಸುತ್ತಿದ್ದಳು. ನಾಲ್ಕು ದಿನದಿಂದ ಕೊಟ್ರೇಶ ಒಂದು ಸಾಲು ಬರೆದಿರಲಿಲ್ಲ, ಒಂದು ಗಳಿಗೆ ನಿದ್ದೆ ಮಾಡಿರಲಿಲ್ಲ. ಈಗ ಅವಳಿಗೆ ಬೇಕಾಗಿದ್ದದ್ದು ಒಂದು ಜಾಗ. ಮರಿಯನ್ನು ಯಾರೂ ಮುಟ್ಟದ ಹಾಗೆ, ಕಂಪೈಲರಿಗೂ ಸಿಗದ ಹಾಗೆ ಬಚ್ಚಿಡುವ ಜಾಗ. ಅದನ್ನು ಅವಳು ಪಾಠದ ಪ್ರಶ್ನೆಯ ಹಾಗೆ ಕೇಳಿದ್ದಳು.

ಪಕ್ಕದಲ್ಲೇ ಇದ್ದರೆ ಏನು ಕೇಡು, ಹುಡುಕುವ ತಾಪತ್ರಯವಿಲ್ಲ ಎಂದು ಕೊಟ್ರೇಶ ನಡುವೆ ಬಾಯಿ ಹಾಕಿದ.

ಗುರುಗಳು ಮಂಡಕ್ಕಿಯ ಪೊಟ್ಟಣ ಮಡಿಚಿ ಬದಿಗಿಟ್ಟರು. ಇದಕ್ಕೆ ಪುಸ್ತಕದಲ್ಲಿ ನಾಲ್ಕು ಸಾಲಿನ ಉತ್ತರ ಇದೆ, ಓದಿದವರು ನಾಲ್ಕೇ ದಿನಕ್ಕೆ ಮರೆಯುತ್ತಾರೆ, ತಮ್ಮ ಉತ್ತರ ಕೇಳಿದವರು ಇಂದಿನವರೆಗೆ ಮರೆತದ್ದಿಲ್ಲ, ಯಾಕೆಂದರೆ ಇಂದಿನವರೆಗೆ ಯಾರಿಗೂ ಹೇಳಿಲ್ಲ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸಕ್ಕರೆ ಗೊಂಬೆ ಮಾಡುವವನಿದ್ದ. ಸಂಕ್ರಾಂತಿಯ ದಿನ ಎಳ್ಳು ಬೀರುವ ತಟ್ಟೆಯಲ್ಲಿ ಇಡುತ್ತಾರಲ್ಲ, ಆ ಗೊಂಬೆಗಳು. ಅವನ ಹತ್ತಿರ ಅಜ್ಜ ಕೊರೆದ ಅರವತ್ತಮೂರು ಅಚ್ಚುಗಳಿದ್ದವು. ಒಂದೊಂದು ಅಚ್ಚೂ ತೇಗದ ಮರದ ಎರಡು ಹೋಳು. ಹೋಳಿನೊಳಗೆ ಆನೆ, ಕುದುರೆ, ಗಿಣಿ, ಬಾಳೆಗೊನೆ ಎಲ್ಲ ತಗ್ಗಾಗಿ, ತಿರುಗುಮುರುಗಾಗಿ ಇದ್ದವು. ಅಚ್ಚನ್ನು ನೀರಿನಲ್ಲಿ ನೆನೆಸಿ, ಹೋಳು ಕೂಡಿಸಿ ದಾರ ಬಿಗಿದು, ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಗೊಂಬೆ. ಅಚ್ಚು ಕರ್ರಗೆ ಹಳೆಯ ಸೌದೆಯ ಹಾಗೆ ಕಾಣುತ್ತಿತ್ತು. ಗೊಂಬೆ ಬೆಳ್ಳಗೆ ಹೊಳೆಯುತ್ತಿತ್ತು. ಬಂದವರು ಗೊಂಬೆಯನ್ನು ಹೊಗಳುತ್ತಿದ್ದರು. ಅಚ್ಚು ಎಲ್ಲಿದೆ ಎಂದು ಒಬ್ಬರೂ ಕೇಳುತ್ತಿರಲಿಲ್ಲ.

ಅವನ ಕೆಲಸ ಸಾಮಾನ್ಯವಲ್ಲ. ಅವನ ಸಕ್ಕರೆ ಆನೆಯನ್ನು ಬೀದಿಯಲ್ಲಿ ಒಯ್ಯುವುದು ಕಂಡರೆ ಕಬ್ಬಿನ ಗಾಡಿಯವರು ಗಾಡಿ ತಿರುಗಿಸಿಕೊಂಡು ಹೋಗುತ್ತಿದ್ದರು. ಅವನ ಸಕ್ಕರೆ ಬಾಳೆಹಣ್ಣಿನ ಸಿಪ್ಪೆ ಸುಲಿಯಲು ಕೂತ ಕೋತಿಯೊಂದು ಮಧ್ಯಾಹ್ನದ ಹೊತ್ತಿಗೆ ಹತ್ತೂ ಉಗುರು ಸವೆಸಿಕೊಂಡು, ಮಾರುತಿ ಗುಡಿಯ ಮುಂದೆ ಹೋಗಿ ದೂರು ಹೇಳಿತು.

ಮನೆ ಸಣ್ಣದು, ಪೆಟ್ಟಿಗೆ ಒಂದೇ. ಅವನು ಅಚ್ಚುಗಳನ್ನೂ ಗೊಂಬೆಗಳನ್ನೂ ಆ ಒಂದೇ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಹೆತ್ತವಳೂ ಕೂಸೂ ಒಂದೇ ಹಾಸಿಗೆಯಲ್ಲಿ ಮಲಗಿದರೆ ಯಾರಿಗೆ ತೊಂದರೆ ಎನ್ನುತ್ತಿದ್ದ.

ಒಂದು ವರ್ಷ ಒಬ್ಬ ವರ್ತಕ ಬಂದ. ಗಿಣಿಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡಿ, ಇದು ಗಿಣಿಯೋ ಪಾರಿವಾಳವೋ ಎಂದು ಕೇಳಿದ. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅಜ್ಜ ಕೊರೆಯುವಾಗ ಕೊಕ್ಕಿನ ಜಾಗದಲ್ಲಿ ಉಳಿ ಆಳಕ್ಕೆ ಹೋಗಿರಲಿಲ್ಲ. ಮೂರು ತಲೆಮಾರಿನಿಂದ ಆ ಮನೆಯ ಗಿಣಿಗಳೆಲ್ಲ ಮೊಂಡು ಮೂಗಿನವೇ.

ಗೊಂಬೆಯವನಿಗೆ ಅವಮಾನವಾಯಿತು. ಅವನು ಒಂದು ಚಿಟಿಕೆ ಮೆದು ಸಕ್ಕರೆಯನ್ನು ಬೆರಳಲ್ಲಿ ಹೊಸೆದು, ಪಾಕದ ಒಂದು ಹನಿಯಿಂದ ಗಿಣಿಯ ಮೂತಿಗೆ ಅಂಟಿಸಿ, ಸೂಜಿಯ ಮೊನೆಯಿಂದ ಬಾಗಿಸಿದ. ಅಂಥ ಕೊಕ್ಕು ಅಡವಿಯ ಗಿಣಿಗೂ ಇರಲಿಲ್ಲ. ವರ್ತಕ ಬಾಯಿ ಬಿಟ್ಟುಕೊಂಡು ನೋಡಿದ. ಎಷ್ಟು ಹೊತ್ತು ಬಿಟ್ಟುಕೊಂಡಿದ್ದನೆಂದರೆ ಗಿಣಿ ಅದನ್ನು ಪೊಟರೆ ಎಂದುಕೊಳ್ಳುವುದೊಂದು ಬಾಕಿ.

ಅಚ್ಚಿನೊಳಗೆ ಆ ಜಾಗವನ್ನು ಉಳಿಯಿಂದ ಒಂದು ಕೂದಲೆಳೆಯಷ್ಟು ಆಳ ಮಾಡಿದ್ದರೆ ಮುಂದಿನ ಗಿಣಿಗಳೆಲ್ಲ ಕೊಕ್ಕು ಇಟ್ಟುಕೊಂಡೇ ಹುಟ್ಟುತ್ತಿದ್ದವು. ಇದು ಗೊಂಬೆಯವನಿಗೆ ತಿಳಿಯದ್ದಲ್ಲ. ಆದರೆ ಕತ್ತಲ ತಗ್ಗಿನೊಳಗೆ ಉಳಿ ಆಡಿಸಿದರೆ ನೋಡುವವರು ಯಾರು? ಸೂಜಿ ಆಡಿಸಿದರೆ ಬೀದಿಗೆ ಬೀದಿಯೇ ಬಂದು ನೋಡುತ್ತಿತ್ತು. ಅವನು ಸೂಜಿಯನ್ನೇ ಹಿಡಿದ.

ಮುಂದಿನ ವರ್ಷ ಕುದುರೆಗೆ ಕಿವಿ ಅಂಟಿಸಿದ. ಅದರ ಮುಂದಿನ ವರ್ಷ ಆನೆಗೆ ದಂತ. ಅಚ್ಚಿನಿಂದ ಬಂದ ಯಾವ ಗೊಂಬೆಯೂ ಸೂಜಿ ಸೋಕದೆ ಹೊರಗೆ ಹೋಗುತ್ತಿರಲಿಲ್ಲ. ಅರವತ್ತಮೂರು ಗೊಂಬೆಗೆ ಅರವತ್ತಮೂರು ತರದ ತಿದ್ದುಪಡಿ. ಅಷ್ಟನ್ನು ನೆನಪಿಡುವುದು ಯಾರಿಂದ ಸಾಧ್ಯ? ಅದಕ್ಕೆ ಅವನು ತಿದ್ದಿದ ಗೊಂಬೆಗಳಲ್ಲಿ ಒಂದೊಂದನ್ನು ಮಾದರಿಗೆಂದು ಪೆಟ್ಟಿಗೆಯಲ್ಲಿ ಉಳಿಸಿಕೊಂಡ. ಮರುವರ್ಷ ಅದನ್ನು ಎದುರಿಗಿಟ್ಟುಕೊಂಡು ಇನ್ನೂ ಚೆನ್ನಾಗಿ ತಿದ್ದಿದ. ಹೊಸ ಮಾದರಿಯೂ ಪೆಟ್ಟಿಗೆಗೆ ಹೋಯಿತು. ಹಳೆಯದನ್ನು ಎಸೆಯಲು ಧೈರ್ಯ ಬರಲಿಲ್ಲ. ಅದರಲ್ಲಿ ಏನು ಇದೆಯೋ, ಹೊಸದರಲ್ಲಿ ಏನು ತಪ್ಪಿದೆಯೋ. ಪೆಟ್ಟಿಗೆಯ ಮುಚ್ಚಳ ಮೇಲೆದ್ದು ನಿಂತಿತು.

ಸಕ್ಕರೆ ಇದ್ದ ಕಡೆ ಇರುವೆ. ಮೊದಲನೆಯ ವರ್ಷ ಅವು ನೆಂಟರ ಹಾಗೆ ಬಂದು ಹೋದವು. ಎರಡನೆಯ ವರ್ಷ ಬಾಣಂತನಕ್ಕೆ ಬಂದವು. ಮೂರನೆಯ ವರ್ಷ ಪೆಟ್ಟಿಗೆಯ ಒಳಗೆ ಓಣಿ ಮಾಡಿಕೊಂಡು, ಹೋಗುವವು ಎಡಕ್ಕೆ, ಬರುವವು ಬಲಕ್ಕೆ, ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಇಲ್ಲದ ಶಿಸ್ತಿನಲ್ಲಿ ಓಡಾಡಿದವು.

ಇಲ್ಲಿ ಕೊಟ್ರೇಶ ತಡೆದು, ಇದೆಲ್ಲ ನಡೆದದ್ದೇ ಗುರುಗಳೇ ಎಂದು ಕೇಳಿದ. ಗುರುಗಳು, ಅನುಮಾನವಿದ್ದರೆ ಇರುವೆಗಳನ್ನೇ ಕೇಳು, ನಾನು ಹೇಳಿದ್ದರಲ್ಲಿ ಸುಳ್ಳಿದ್ದರೆ ಅವು ಬಾಯಿ ಬಿಟ್ಟು ಹೇಳುತ್ತವೆ ಎಂದರು. ಇರುವೆಗಳು ಏನೂ ಹೇಳಲಿಲ್ಲವಾದ್ದರಿಂದ ಕತೆ ಮುಂದುವರಿಯಿತು.

ಗೊಂಬೆಯವನ ಹೆಂಡತಿ ಪೆಟ್ಟಿಗೆ ತೊಳೆಯೋಣ ಎಂದು ವರ್ಷಕ್ಕೊಮ್ಮೆ ಬಿಸಿನೀರು ಕಾಯಿಸುತ್ತಿದ್ದಳು. ಅವನು ಪೆಟ್ಟಿಗೆಗೆ ಅಡ್ಡ ಮಲಗಿಬಿಡುತ್ತಿದ್ದ. ಇದರಲ್ಲಿ ಬೇಕಾದದ್ದು ಯಾವುದು ಎಂದು ತೋರಿಸಿಬಿಡು, ಬೇಡವಾದದ್ದನ್ನು ಮಾತ್ರ ತೆಗೆಯುತ್ತೇನೆ ಎಂದು ಅವಳು ಕೇಳಿಕೊಂಡಳು. ಅವನು ಮುಚ್ಚಳ ತೆರೆದು ನೋಡಿದ. ಗೊಂಬೆಗಳು ಒದ್ದೆಗಾಳಿಗೆ ಕರಗಿ ಅಚ್ಚುಗಳಿಗೆ ಅಂಟಿಕೊಂಡಿದ್ದವು. ಅಚ್ಚುಗಳು ಸಕ್ಕರೆ ಮೆತ್ತಿಕೊಂಡು ಗೊಂಬೆಗಳ ಹಾಗೆ ಕಂಡವು. ಅವನಿಗೆ ತೋರಿಸಲಾಗಲಿಲ್ಲ. ಎಲ್ಲವೂ ಬೇಕು ಎಂದು ಮುಚ್ಚಳ ಹಾಕಿದ.

ಒಂದು ಸಲ ಅವನು ಸಂತೆಗೆ ಹೋದಾಗ ಅವಳು ತಡೆಯಲಾರದೆ ಕೆಟ್ಟ ಗೊಂಬೆಗಳು ಎಂದು ತೋರಿದ ಒಂದು ಬುಟ್ಟಿ ಗಡ್ಡೆಗಳನ್ನು ತೆಗೆದು ಬಚ್ಚಲ ಒಲೆಗೆ ಹಾಕಿದಳು. ಅವುಗಳಲ್ಲಿ ಒಂದು ಗಡ್ಡೆ ಬಹಳ ಹೊತ್ತು ಉರಿಯಿತು. ಅದು ಕುದುರೆಯ ಅಚ್ಚು. ಅಲ್ಲಿಗೆ ಉಳಿದದ್ದು ಅರವತ್ತೆರಡು. ಅವಳು ಅಂದಿನಿಂದ ಪೆಟ್ಟಿಗೆಯ ಸುದ್ದಿಗೆ ಹೋಗಲಿಲ್ಲ. ಗಂಡನಾದರೂ ಅವಳನ್ನು ಬಯ್ಯಲಿಲ್ಲ. ಬಯ್ಯಲು ಬಾಯಿ ತೆರೆದಾಗ, ಅದು ಅಚ್ಚು ಎಂದು ನಿನಗೆ ಗೊತ್ತಾಗುತ್ತಿತ್ತೇ ಎಂದು ಅವಳು ಕೇಳಿದ್ದಳು.

ಹೀಗೆ ಇಪ್ಪತ್ತು ವರ್ಷ ಕಳೆದ ಮೇಲೆ ಮತ್ತೆ ಆ ವರ್ತಕ ಬಂದ. ಮಗಳ ಮದುವೆಯಾಗಿತ್ತು. ಗಂಡನ ಮನೆಯಲ್ಲಿ ಅವಳಿಗೆ ಮೊದಲನೆಯ ಸಂಕ್ರಾಂತಿ. ಬೀಗರ ಊರಿನಲ್ಲಿ ಮನೆಮನೆಗೂ ಎಳ್ಳು ಬೀರಲು ಐನೂರು ಗಿಣಿ ಬೇಕು, ಹಿಂದಿನ ಸಲದ ಗಿಣಿಯೇ ಬೇಕು, ಮೂರು ದಿನದಲ್ಲಿ ಬೇಕು ಎಂದ. ಮಗಳ ಮರ್ಯಾದೆ ನಿನ್ನ ಸೂಜಿಯ ಮೊನೆಯ ಮೇಲೆ ಕೂತಿದೆ ಎಂದ. ಗೊಂಬೆಯವನು ಮೀಸೆ ತಿರುವಿ, ಐನೂರೇನು, ಹೇಳಿದರೆ ಅವು ಹಾರಿಕೊಂಡೇ ಬೀಗರ ಮನೆ ತಲುಪುವ ಹಾಗೆ ಮಾಡಿಕೊಡುತ್ತೇನೆ ಎಂದ.

ಆಮೇಲೆ ಮಾದರಿ ಗಿಣಿ ತೆಗೆಯಲು ಪೆಟ್ಟಿಗೆ ತೆರೆದ. ಇರುವೆಗಳಿಗೂ ರುಚಿ ಗೊತ್ತು. ಗೊಂಬೆಯಲ್ಲಿ ಎಲ್ಲಕ್ಕಿಂತ ಮೆದುವಾದದ್ದು, ಸಿಹಿಯಾದದ್ದು ಆಮೇಲೆ ಅಂಟಿಸಿದ ತುಣುಕು. ಗಿಣಿ ಇತ್ತು. ಕೊಕ್ಕು ಇರಲಿಲ್ಲ. ಆನೆ ಇತ್ತು, ದಂತ ಇರಲಿಲ್ಲ. ಅವನು ಇಪ್ಪತ್ತು ವರ್ಷದಿಂದ ಸೂಜಿಯಲ್ಲಿ ಮಾಡಿದ್ದನ್ನು ಹೆಚ್ಚುಕಡಿಮೆ ಎಲ್ಲ ಇರುವೆಗಳು ಆರಿಸಿ ತಿಂದು, ಅಜ್ಜ ಮಾಡಿದ್ದನ್ನು ಮಾತ್ರ ಬಿಟ್ಟಿದ್ದವು.

ಅವನು ಗಿಣಿಯ ಅಚ್ಚು ಹುಡುಕಿ, ಅದರಿಂದ ಐನೂರು ಮೊಂಡು ಗಿಣಿಗಳನ್ನು ತೆಗೆದು ಸಾಲಾಗಿ ಇಟ್ಟುಕೊಂಡು ಸೂಜಿ ಹಿಡಿದು ಕೂತ. ಕೊಕ್ಕು ಎಷ್ಟು ಉದ್ದವಿತ್ತು, ಎಲ್ಲಿಂದ ಬಾಗಿತ್ತು ಎಂಬುದು ಕೈಗೆ ನೆನಪಾಗಲಿಲ್ಲ. ಒಂದು ಗಿಣಿ ಹದ್ದಾಯಿತು. ಒಂದು ಬಾತುಕೋಳಿಯಾಯಿತು. ಒಂದು ಗಿಣಿ ಯಾವ ಕಡೆಯಿಂದ ನೋಡಿದರೂ ವರ್ತಕನ ಹಾಗೆಯೇ ಕಂಡಿತು. ಎರಡು ದಿನ ಕಳೆದಾಗ ನಲವತ್ತು ಆಗಿದ್ದವು. ನಲವತ್ತೂ ನಲವತ್ತು ಜಾತಿ.

ವರ್ತಕ ಬಂದು ನೋಡಿದ. ಬೈದಿದ್ದರೆ ಗೊಂಬೆಯವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ವರ್ತಕ ತನ್ನ ಹಾಗಿದ್ದ ಗಿಣಿಯನ್ನು ಎತ್ತಿ ನೋಡಿ, ಮೆಲ್ಲಗೆ ಕೆಳಗಿಟ್ಟು, ಹಿಂದಿನ ಓಣಿಯಲ್ಲಿ ಗೊಂಬೆ ಮಾಡುವ ಮುದುಕಿಯ ಮನೆಗೆ ಹೋದ. ಮುದುಕಿಗೆ ಹೆಸರಿರಲಿಲ್ಲ, ಅವಳ ಕೆಲಸ ನೋಡಲು ಯಾರೂ ಹೋಗುತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಐನೂರು ಗಿಣಿಗಳು ಬೀಗರ ಊರಿನ ಗಾಡಿ ಹತ್ತಿದವು. ಐನೂರಕ್ಕೂ ಒಂದೇ ಕೊಕ್ಕು.

ಗೊಂಬೆಯವನು ಅದನ್ನು ಕಣ್ಣಾರೆ ನೋಡಿದ. ಇನ್ನು ಯಾರೂ ತನ್ನ ಬಾಗಿಲಿಗೆ ಬರುವುದಿಲ್ಲ ಎಂದು ಅವನಿಗೆ ತಿಳಿಯಿತು. ಹೊಟ್ಟೆಯುರಿಯಿಂದಲೋ, ಕಲಿಯಬೇಕೆಂದೋ, ಅವನಿಗೇ ಗೊತ್ತಿಲ್ಲ, ಮುದುಕಿಯ ಮನೆಗೆ ಹೋದ. ಗೋಡೆಯ ಗೂಡಿನಲ್ಲಿ ಅಚ್ಚುಗಳು ಒಂದೊಂದೂ ಒಣ ಬಟ್ಟೆ ಸುತ್ತಿಕೊಂಡು ಕೂತಿದ್ದವು. ಇನ್ನೊಂದು ಮೂಲೆಯಲ್ಲಿ ಒಂದು ಬಿದಿರ ಬುಟ್ಟಿ ಬೋರಲು ಬಿದ್ದಿತ್ತು. ಅವನು ಅಟ್ಟ ನೋಡಿದ, ಮಂಚದ ಕೆಳಗೆ ಬಗ್ಗಿ ನೋಡಿದ. ಒಂದು ಮಾದರಿ ಗೊಂಬೆಯೂ ಕಾಣಲಿಲ್ಲ.

"ಅಜ್ಜೀ, ಗೊಂಬೆಗಳನ್ನು ಎಲ್ಲಿ ಇಡುತ್ತೀಯ?"

"ಆ ಬುಟ್ಟಿಯಲ್ಲಿ ಕಣಪ್ಪ. ಹಬ್ಬ ಮುಗಿದ ಮಾರನೆಯ ದಿನ ಉಳಿದದ್ದನ್ನೆಲ್ಲ ಓಣಿಯ ಮಕ್ಕಳಿಗೆ ಹಂಚಿ, ಬುಟ್ಟಿ ತೊಳೆದು ಬೋರಲು ಹಾಕುತ್ತೇನೆ. ಬೇಕಾದರೆ ಮತ್ತೆ ಹುಟ್ಟುತ್ತವಲ್ಲ, ಕೂಡಿಟ್ಟು ಏನು ಮಾಡಲಿ?"

ಹುಟ್ಟಿದ್ದು ಮೊಂಡು ಮೂಗಿನದಾದರೆ ಏನು ಮಾಡುತ್ತೀ ಎಂದು ಅವನು ಕೇಳಿದ. ಅದನ್ನು ಬಾಯಿಗೆ ಹಾಕಿಕೊಂಡು ಅಚ್ಚಿಗೆ ಉಳಿ ಹಿಡಿಯುತ್ತೇನೆ ಎಂದಳು. ಅವಳಿಗೆ ಒಂದೇ ಹಲ್ಲು ಇತ್ತು. ಮಿಕ್ಕ ಮೂವತ್ತೊಂದೂ ಒಂದೊಂದು ತಿದ್ದುಪಡಿಗೆ ಹೋದವು, ಇದು ಮುಂದಿನ ವರ್ಷದ ನವಿಲಿಗೆಂದು ಇಟ್ಟುಕೊಂಡಿದ್ದೇನೆ ಎಂದು ಬೆರಳಿಟ್ಟು ತೋರಿಸಿದಳು.

ಅವನು ಗಿಣಿಯ ಅಚ್ಚನ್ನು ಕೇಳಿ ತೆಗೆದುಕೊಂಡು ಬಿಚ್ಚಿದ. ತನ್ನದರಷ್ಟೇ ಕಪ್ಪು, ತನ್ನದರಷ್ಟೇ ಹಳೆಯದು. ಕೊಕ್ಕಿನ ಜಾಗದಲ್ಲಿ ಮಾತ್ರ ಉಳಿ ತಾಗಿದ ಒಂದು ಗೆರೆ ಹಳದಿಯಾಗಿ ಕಾಣುತ್ತಿತ್ತು, ಕೂದಲೆಳೆಯಷ್ಟು. ಅವನು ಕಿರುಬೆರಳಿನ ಉಗುರು ಇಟ್ಟು ನೋಡಿದ. ಉಗುರು ಅಲ್ಲಿ ಸರಿಯಾಗಿ ಕೂತಿತು. ಅವನು ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

ಮನೆಗೆ ಬಂದು ಅವನೇ ಹಂಡೆಗೆ ನೀರು ಹಾಕಿ ಕಾಯಿಸಿದ. ಕೊಡದ ತುಂಬ ಬಿಸಿನೀರು ತುಂಬಿಕೊಂಡು ಪೆಟ್ಟಿಗೆಯ ಮುಂದೆ ನಿಂತ. ಸುರಿದರೆ ಸಕ್ಕರೆಯೆಲ್ಲ ಕರಗಿ ಹೋಗುತ್ತದೆ, ಮರ ಉಳಿಯುತ್ತದೆ. ಇರುವೆ ತಿಂದು ಬಿಟ್ಟ ಮಾದರಿಗಳಲ್ಲಿ ಅಲ್ಲೊಂದು ಇಲ್ಲೊಂದು ಕಿವಿ, ಬಾಲ, ಸೊಂಡಿಲ ತುದಿ ಇನ್ನೂ ಇದ್ದವು. ಅವೂ ಹೋಗುತ್ತವೆ. ಊರು ಹೊಗಳಿದ ಅವನ ಕೈಚಳಕವೆಲ್ಲ ಬಚ್ಚಲ ನೀರು ಸೇರುತ್ತದೆ. ಆಮೇಲೆ ಅವನ ಹತ್ತಿರ ಇರುವುದು ಅಜ್ಜನ ಅರವತ್ತೆರಡು ಅಚ್ಚು, ಅವುಗಳ ಮೊಂಡು ಮೂಗು, ಒಂದು ಉಳಿ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನು ಕೊಡವನ್ನು ಎದೆಯ ಮಟ್ಟಕ್ಕೆ ಎತ್ತಿದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿ, ಮಂಡಕ್ಕಿಯ ಪೊಟ್ಟಣವನ್ನು ಮತ್ತೆ ಬಿಚ್ಚಿದರು.

ಕೊಟ್ರೇಶನಿಗೆ ಅರ್ಥವಾಗಿತ್ತು. ಅಂದರೆ ಮೂಲಕ್ಕೆ ಒಂದು ಫೋಲ್ಡರು, ಮರಿಗಳಿಗೆ ಇನ್ನೊಂದು ಫೋಲ್ಡರು, ಬುಟ್ಟಿಯ ಹಾಗೆ, ಅಲ್ಲವೇ ಎಂದ. ಹೌದು, ಪುಸ್ತಕದ ನಾಲ್ಕು ಸಾಲಿನಲ್ಲಿ ಇರುವುದೂ ಅದೇ ಎಂದು ಗುರುಗಳು ಒಪ್ಪಿಕೊಂಡರು. ಮೂಲವನ್ನು ಮಾತ್ರ ಜೋಪಾನ ಮಾಡಿದರೆ ಸಾಕು, ಮರಿಗಳ ಫೋಲ್ಡರನ್ನು ಯಾರಿಗೂ ಕಳಿಸಬೇಕಾಗಿಲ್ಲ, ಬೇಕಾದವರು ತಮ್ಮಲ್ಲೇ ಹುಟ್ಟಿಸಿಕೊಳ್ಳುತ್ತಾರೆ ಎಂದರು. ಕೊಟ್ರೇಶ ಆಗಲೇ ಹೊಸ ಫೋಲ್ಡರು ಮಾಡಿ ಅದಕ್ಕೊಂದು ಹೆಸರಿಟ್ಟು, ಕಂಪೈಲರಿಗೆ ಅದರ ದಾರಿ ತೋರಿಸುವ ಸಾಲು ಬರೆಯಲು ಕೂತ. ಈ ಸಲ ಅವನಿಗೆ ಚಹಾ ತರಿಸಲು ಶಶಿರೇಖಳಿಗೆ ಹೊಳೆಯಲಿಲ್ಲ. ಅವಳ ಕಣ್ಣ ಮುಂದೆ ಕೊಡ ಎತ್ತಿಕೊಂಡು ನಿಂತವನೇ ಇದ್ದ.

"ಗುರುಗಳೇ, ಅವನು ನೀರು ಸುರಿದನೇ?" ಎಂದು ಅವಳು ಕೇಳಿದಳು.

"ನೀನು ಮೊದಲು ಆ ಮರಿ ಫೈಲುಗಳನ್ನೆಲ್ಲ ಅಳಿಸು ತಾಯಿ, ಆಮೇಲೆ ಹೇಳುತ್ತೇನೆ," ಎಂದರು ಗುರುಗಳು.

ಶಶಿರೇಖ ಹಳೆಯ ಫೋಲ್ಡರು ತೆರೆದು, ಹದಿನೇಳು ಬೀದಿಗಳ ಹೊತ್ತು ತಿದ್ದಿದ್ದ ಮರಿಯನ್ನು ಆರಿಸಿ, ಅಳಿಸುವ ಕೀಲಿಯ ಮೇಲೆ ಬೆರಳಿಟ್ಟಳು.